ಎತ್ತಿಗೆ ಜ್ವರ, ಪಂಪಿಗೆ ಬರೆ

ಬೆಂಗಳೂರಿನಲ್ಲಿ ಹಳೆಯ ಕಾರೊಂದು ನಡುರಸ್ತೆಯಲ್ಲಿ ನಿಂತರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ. ಬಿಸಿಲಿದ್ದರೆ ‘ಏರ್ ಲಾಕ್’, ಬಿಸಿಲಿಲ್ಲದಿದ್ದರೆ ‘ಪಂಪ್ ಹೋಗಿದೆ’. ಟೀ ಅಂಗಡಿಯವನು, ಆಟೋದವನು, ಹಿಂದಿನಿಂದ ಹಾರ್ನ್ ಹೊಡೆಯುತ್ತ ಬಂದವನು, ಕೊನೆಗೆ ಮೆಕ್ಯಾನಿಕ್ಕು, ಎಲ್ಲರದೂ ಅದೇ ಮಾತು. ಮೂರನೆಯ ತೀರ್ಪನ್ನು ನಾನು ಕೇಳಿರುವುದು ತೀರಾ ಅಪರೂಪ. ನನ್ನ ತಕರಾರು ಇರುವುದು ತೀರ್ಪಿನ ಬಗ್ಗೆಯಷ್ಟೇ ಅಲ್ಲ, ಅದನ್ನು ನಾವು ನಂಬುವ ರೀತಿಯ ಬಗ್ಗೆ. ಪಂಪು ಬದಲಿಸಿದೆವು, ಗಾಡಿ ಓಡಿತು, ಆದ್ದರಿಂದ ಪಂಪೇ ಕೆಟ್ಟಿತ್ತು ಅನ್ನುತ್ತೇವೆ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಗಂಟು ಹಾಕುವ ಲೆಕ್ಕ ಇದು.

ನನ್ನ ಸೋದರಮಾವನ ಮನೆ ಇರುವುದು ಅಕ್ಕಿಪೇಟೆಯಲ್ಲಿ. ಮುಂದೆ ಮಂಡಿ, ಹಿಂದೆ ವಾಸ ಅನ್ನುವಂಥ ಹಳೇ ಪೇಟೆ ಮನೆ. ತಾತನ ಕಾಲದಲ್ಲಿ ಅಕ್ಕಿ ಮೂಟೆ ಪೇರಿಸುತ್ತಿದ್ದ ಗೋದಾಮಿನಲ್ಲಿ ಈಗ ಒಂದು ಎಂ.ಜಿ. ಟಿಡಿ ನಿಂತಿದೆ. 1950ರಿಂದ 53ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1250 ಸಿಸಿ ಇಂಜಿನ್ನು, ಎರಡು ಎಸ್.ಯು. ಕಾರ್ಬುರೇಟರ್, ಸುಮಾರು 54 ಅಶ್ವಶಕ್ತಿ. ಇವತ್ತಿನ ಸಾಮಾನ್ಯ ಸಣ್ಣ ಕಾರೂ ಇದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಆದರೂ ಇದು ಸ್ಪೋರ್ಟ್ಸ್ ಕಾರೇ. ಭಾನುವಾರ ಬೆಳಿಗ್ಗೆ ಆರಕ್ಕೆ, ಗಲ್ಲಿಯಲ್ಲಿ ಕೈಗಾಡಿ ಟೆಂಪೊಗಳು ಏಳುವ ಮೊದಲು, ಮಾವ ಅದನ್ನು ಹೊರಗೆ ತೆಗೆದು ಬಳ್ಳಾರಿ ರಸ್ತೆ ಹಿಡಿಯುತ್ತಾರೆ. ಒಮ್ಮೊಮ್ಮೆ ದೇವನಹಳ್ಳಿ ಮುಟ್ಟುತ್ತಾರೆ. ಒಮ್ಮೊಮ್ಮೆ ಮೇಖ್ರಿ ಸರ್ಕಲ್ಲಿನಿಂದ ನನಗೆ ಫೋನು ಬರುತ್ತದೆ.

ಹೀಗೆ ಫೋನು ಬಂದು ಬಂದು ಆರು ವರ್ಷದಲ್ಲಿ ಮೂರು ಪಂಪು ಬದಲಾಯಿತು. ನಾಲ್ಕನೆಯದು ಗಾಡಿಯಲ್ಲಿತ್ತು. ತೆಗೆದ ಮೂರನ್ನೂ ಮಾವ ಒಂದು ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದರು; ವ್ಯಾಪಾರಸ್ಥರ ಮನೆಯಲ್ಲಿ ಹಾಳಾದದ್ದನ್ನೂ ಬಿಸಾಡುವುದಿಲ್ಲ. ನಾನು ಆ ಡಬ್ಬವನ್ನು ಮನೆಗೆ ತಂದೆ. ಒಂದು ಪ್ಲಾಸ್ಟಿಕ್ ಟಬ್ಬಿಗೆ ಸೀಮೆಎಣ್ಣೆ ಹಾಕಿ (ಬೆಂಗಳೂರಿನಲ್ಲಿ ಈಗ ಪಂಪಿಗಿಂತ ಸೀಮೆಎಣ್ಣೆ ಹುಡುಕುವುದು ಕಷ್ಟ), ಎರಡು ತುಂಡು ಪೈಪು ಸಿಕ್ಕಿಸಿ, ಹನ್ನೆರಡು ವೋಲ್ಟಿನ ಬ್ಯಾಟರಿಗೆ ಒಂದೊಂದನ್ನಾಗಿ ಜೋಡಿಸಿದೆ. ಮೊದಲನೆಯದು ಟಕಟಕ ಎಂದು ಎಳೆದು ಆಚೆಗೆ ಸುರಿಯತೊಡಗಿತು. ಎರಡನೆಯದರಲ್ಲಿ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟಿನ ಮೇಲೆ ಕಪ್ಪು ಕೂತಿತ್ತು. ಒಂದು ಗಟ್ಟಿ ಕಾಗದದ ಚೂರನ್ನು ನಡುವೆ ಎರಡು ಸಲ ಎಳೆದದ್ದೇ ಅದೂ ಓಡಿತು. ಮೂರನೆಯದು ಮಾತ್ರ ನಿಜವಾಗಿ ಸತ್ತಿತ್ತು. ಮುಚ್ಚಳ ಬಿಚ್ಚಿದರೆ ಸುಟ್ಟ ವಾರ್ನಿಶ್ ವಾಸನೆ. ಮೂರರಲ್ಲಿ ಎರಡು ನಿರಪರಾಧಿಗಳು. ಮೂರನೆಯದೂ ಅಪರಾಧಿಯಲ್ಲ, ಬಲಿಪಶು, ಎನ್ನುವುದು ಆಮೇಲೆ ಗೊತ್ತಾಯಿತು.

ಇದು ಅರ್ಥವಾಗಬೇಕಾದರೆ ಎಂ.ಜಿ.ಯಲ್ಲಿರುವ ಎಸ್.ಯು. ಪಂಪಿನ ಒಳಗೆ ಸ್ವಲ್ಪ ಇಣುಕಬೇಕು. ನಮ್ಮ ಫಿಯಟ್, ಅಂಬಾಸಡರ್, ಜೀಪುಗಳಲ್ಲಿ ಇದ್ದದ್ದು ‘ಎ.ಸಿ. ಪಂಪ್’. ತಂಪು ಗಾಳಿಯ ಎ.ಸಿ.ಗೂ ಅದಕ್ಕೂ ಸಂಬಂಧವಿಲ್ಲ, ಆಲ್ಬರ್ಟ್ ಚಾಂಪಿಯನ್ ಎಂಬಾತನ ಕಂಪನಿಯ ಹೆಸರು ಅದು. ಇಂಜಿನ್ನಿನ ಕ್ಯಾಮ್ ಅದರ ತೋಳನ್ನು ಒತ್ತುತ್ತದೆ, ಡಯಾಫ್ರಮ್ ಮೇಲೆ ಕೆಳಗೆ ಆಡುತ್ತದೆ. ಎಂ.ಜಿ.ಯದು ಕರೆಂಟಿನದು. ಕೀ ತಿರುಗಿಸಿದರೆ ಒಳಗಿನ ಸುರುಳಿ ಅಯಸ್ಕಾಂತವಾಗಿ ಡಯಾಫ್ರಮ್ಮನ್ನು ಎಳೆಯುತ್ತದೆ, ಟ್ಯಾಂಕಿನಿಂದ ಪೆಟ್ರೋಲು ಒಳಗೆ ಬರುತ್ತದೆ. ಎಳೆತದ ಕೊನೆಯಲ್ಲಿ ಪಾಯಿಂಟು ಟಕ್ಕೆಂದು ಬಿಟ್ಟುಕೊಳ್ಳುತ್ತದೆ, ಕರೆಂಟು ನಿಲ್ಲುತ್ತದೆ, ಈಗ ಸ್ಪ್ರಿಂಗಿನ ಸರದಿ. ಅದು ಪೆಟ್ರೋಲನ್ನು ಕಾರ್ಬುರೇಟರಿಗೆ ತಳ್ಳುತ್ತದೆ. ತಳ್ಳಿ ಮುಗಿದ ಕೂಡಲೇ ಪಾಯಿಂಟು ಮತ್ತೆ ಕೂಡುತ್ತದೆ. ಫ್ಲೋಟ್ ಬಟ್ಟಲು ತುಂಬಿದರೆ ಸ್ಪ್ರಿಂಗಿಗೆ ತಳ್ಳಲು ಜಾಗವಿಲ್ಲ, ಪಂಪು ತೆಪ್ಪಗಾಗುತ್ತದೆ. ಬೆಳಿಗ್ಗೆ ಕೀ ತಿರುಗಿಸಿದಾಗ ಅದು ಹಲ್ಲಿ ಲೊಚಗುಟ್ಟಿದ ಹಾಗೆ ಏಳೆಂಟು ಸಲ ಸದ್ದು ಮಾಡಿ ನಿಲ್ಲುವುದನ್ನು ಕೇಳಿ ಮಾವ ‘ನಿಜ ನೋಡು’ ಅನ್ನುತ್ತಾರೆ.

ಹಲ್ಲಿ ಹೇಳುವುದು ನಿಜವೋ ಅಲ್ಲವೋ, ಈ ಪಂಪು ಮಾತ್ರ ಸುಳ್ಳು ಹೇಳುವುದಿಲ್ಲ. ಕೇಳುವ ವ್ಯವಧಾನ ಬೇಕಷ್ಟೆ. ಬಿಡುವಿಲ್ಲದೆ ಪಟಪಟನೆ ಬಡಿದುಕೊಳ್ಳುತ್ತಿದ್ದರೆ ಅದು ಗಾಳಿ ಎಳೆಯುತ್ತಿದೆ. ಟ್ಯಾಂಕಿನ ಕಡೆಯ ಯೂನಿಯನ್ ನಟ್ಟು ಸಡಿಲವಾಗಿದೆ, ಇಲ್ಲವೇ ಪೆಟ್ರೋಲೇ ಇಲ್ಲ. ಪೂರ್ತಿ ಮೌನವಾದರೆ ಎಲ್ಲರೂ ‘ಸತ್ತಿತು’ ಅನ್ನುತ್ತಾರೆ. ಆದರೆ ಮೌನದಲ್ಲೇ ಎರಡು ಬಗೆ ಇದೆ, ಮತ್ತು ಅದನ್ನು ತಿಳಿಯಲು ಮೀಟರೂ ಬೇಡ, ಕೈ ಸಾಕು. ಪಂಪಿನ ಮೈ ತಣ್ಣಗಿದ್ದರೆ ಒಂದೋ ಕರೆಂಟು ಬರುತ್ತಿಲ್ಲ ಅಥವಾ ಪಾಯಿಂಟು ಕೂಡುತ್ತಿಲ್ಲ, ಇಲ್ಲವೇ ಮುಂದಿನ ದಾರಿ ಕಟ್ಟಿದೆ: ಕಾರ್ಬುರೇಟರಿನ ಸೂಜಿ ಅಂಟಿಕೊಂಡಿರಬಹುದು, ಜಾಲರಿಯಲ್ಲಿ ಕಚಡ ಸೇರಿರಬಹುದು. ಪಂಪಿನ ಮೈ ಸುಡುತ್ತಿದ್ದರೆ ಹಿಂದಿನ ದಾರಿ ಕಟ್ಟಿದೆ. ಸುರುಳಿ ಎಳೆಯುತ್ತಿದೆ, ಪೆಟ್ರೋಲು ಬರುತ್ತಿಲ್ಲ, ಎಳೆತ ಮುಗಿಯದ್ದರಿಂದ ಪಾಯಿಂಟು ಬಿಡುತ್ತಿಲ್ಲ, ಕರೆಂಟು ಹರಿಯುತ್ತಲೇ ಇದೆ. ಬಾವಿಯಿಂದ ಮೇಲೇಳದ ಕೊಡವನ್ನು ಹಗ್ಗ ಬಿಡದೆ ಜಗ್ಗುತ್ತ ನಿಂತವನ ಸ್ಥಿತಿ ಅದರದು. ಹಾಗೇ ಬಿಟ್ಟರೆ ಸುರುಳಿ ಸುಡುತ್ತದೆ.

ಮೇಖ್ರಿ ಸರ್ಕಲ್ಲಿನಲ್ಲಿ ಒಮ್ಮೆ ಮಾವನ ಮೆಕ್ಯಾನಿಕ್ ಭಾಯ್ ಬಾನೆಟ್ ಎತ್ತಿ ಪಂಪು ಮುಟ್ಟಿ ಕೈ ಕೊಡವಿಕೊಂಡದ್ದು ನನಗೆ ನೆನಪಿದೆ. ‘ನೋಡಿ ಸಾರ್, ಕೈ ಇಡಕ್ಕಾಗಲ್ಲ. ಪಂಪ್ ಸುಟ್ಟೋಗಿದೆ.’ ಮುಟ್ಟಿದ್ದು ಸರಿ, ತೆಗೆದ ಅರ್ಥ ತಲೆಕೆಳಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಭಾಯ್ ಕೆಲಸ ಗೊತ್ತಿಲ್ಲದವರಲ್ಲ. ಎರಡು ಕಾರ್ಬುರೇಟರನ್ನು ಒಂದು ರಬ್ಬರ್ ಟ್ಯೂಬು ಕಿವಿಗಿಟ್ಟುಕೊಂಡು, ಎರಡರ ಉಸಿರೂ ಒಂದೇ ಸ್ವರಕ್ಕೆ ಬರುವವರೆಗೆ ಹೊಂದಿಸುವುದನ್ನು ನಾನು ನೋಡಿದ್ದೇನೆ. ಅಂಥವರೂ ಪಂಪಿನ ವಿಷಯ ಬಂದಾಗ ಯೋಚಿಸುವುದನ್ನು ನಿಲ್ಲಿಸುತ್ತಾರೆ. ಯಾಕೆ? ಯಾಕೆಂದರೆ ನಾವು ಯೋಚನೆಗೆ ದುಡ್ಡು ಕೊಡುವುದಿಲ್ಲ. ಎರಡು ಗಂಟೆ ಹುಡುಕಿ ‘ಇಲ್ಲಿ ಒಂದು ತೂತು ಕಟ್ಟಿತ್ತು ಸಾರ್’ ಎಂದರೆ ನೂರು ರೂಪಾಯಿಗೂ ಚೌಕಾಸಿ ಮಾಡುತ್ತೇವೆ. ಹೊಸ ಪಂಪಿನ ಡಬ್ಬ ತೋರಿಸಿದರೆ ತುಟಿ ಪಿಟಕ್ಕೆನ್ನದೆ ಕೊಡುತ್ತೇವೆ. ಜೆ.ಸಿ. ರಸ್ತೆಯ ಸಾಲು ಸಾಲು ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಸ್ತು ಸಿಗುತ್ತದೆ, ರೋಗನಿದಾನ ಸಿಗುವುದಿಲ್ಲ. ತಪ್ಪು ಅಂಗಡಿಯವರದ್ದಲ್ಲ, ಗಿರಾಕಿಯದು.

ಈಗ ಏರ್ ಲಾಕ್ ಕಥೆಗೆ ಬರೋಣ. ಬಿಸಿಗೆ ಪೈಪಿನಲ್ಲೇ ಪೆಟ್ರೋಲು ಕುದಿದು ಆವಿಯಾಗಿ, ಪಂಪು ದ್ರವದ ಬದಲು ಆವಿಯನ್ನು ಅಮುಕುತ್ತ ಕೂರುವುದು ಏರ್ ಲಾಕ್. ಇದು ಕಟ್ಟುಕಥೆಯಲ್ಲ. ಫಿಯಟ್ಟಿನಲ್ಲಿ ಘಾಟಿ ಹತ್ತಿದವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕೂತ ನೆನಪು ಸುಳ್ಳಲ್ಲ. ಟಿಡಿಯಲ್ಲಂತೂ ಪಂಪು ಇರುವುದು ಟ್ಯಾಂಕಿನ ಬಳಿಯಲ್ಲ, ಮುಂದೆ ಇಂಜಿನ್ನಿನ ಹಿಂದಿನ ಗೋಡೆಯ ಮೇಲೆ. ಅಷ್ಟು ದೂರದಿಂದ ಹೀರಬೇಕು, ಅದೂ ಇಂಜಿನ್ನಿನ ಬಿಸಿಯಲ್ಲಿ. ಹೀರುವ ಕಡೆ ಒತ್ತಡ ಕಡಿಮೆ, ಕಡಿಮೆ ಒತ್ತಡದಲ್ಲಿ ಪೆಟ್ರೋಲು ಬೇಗ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದೂ ಅದಕ್ಕೊಂದಿಷ್ಟು ಕೂಡುತ್ತದೆ. ಮೇಲಿಂದ ಎಥನಾಲ್. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್ ಬೆರೆತಾಗ ಪೆಟ್ರೋಲಿನ ಆವಿ ಒತ್ತಡ ಒಂದಷ್ಟು ಏರುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದಲ್ಲಿ ಕೂತಿದ್ದ ದಶಕಗಳ ಕಿಲುಬನ್ನು ಎಬ್ಬಿಸಿ ಜಾಲರಿಗೆ ತಂದು ಬಡಿಯುತ್ತದೆ, ನೀರನ್ನು ಹೀರಿಕೊಳ್ಳುತ್ತದೆ. ಹೀಗೆ ಏರ್ ಲಾಕ್ ವಾದಿಗಳ ಪರವಾಗಿ ಹೇಳಬಹುದಾದ್ದನ್ನೆಲ್ಲ ಹೇಳಿದ್ದೇನೆ.

ಆದರೂ ಒದ್ದೆ ಬಟ್ಟೆ ಏನನ್ನು ಸಾಬೀತು ಮಾಡುತ್ತದೆ? ನೀರು ಹುಡುಕಿ ತರಲು ಐದು ನಿಮಿಷ, ಬಟ್ಟೆ ಹಾಕಿ ಕಾಯಲು ಹತ್ತು, ನಡುವೆ ಒಂದು ಕಾಫಿ. ಇಪ್ಪತ್ತು ನಿಮಿಷದಲ್ಲಿ ಇಡೀ ಇಂಜಿನ್ನು ತಣಿದಿರುತ್ತದೆ. ಬಿಸಿಗೆ ಕೈಕೊಟ್ಟು ತಣಿದಾಗ ಎದ್ದು ಕೂರುವ ರೋಗಗಳಲ್ಲಿ ಏರ್ ಲಾಕ್ ಒಂದು ಮಾತ್ರ. ಡಿಸ್ಟ್ರಿಬ್ಯೂಟರ್ ಒಳಗಿನ, ಹೆಬ್ಬೆರಳಿನಷ್ಟೂ ಇಲ್ಲದ ಕಂಡೆನ್ಸರ್ ಕೂಡ ಇದೇ ನಾಟಕ ಆಡುತ್ತದೆ. ಇಗ್ನಿಷನ್ ಕಾಯಿಲ್ ಸಹ. ಬಟ್ಟೆ ಹಾಕದೆ ಸುಮ್ಮನೆ ಕಾಫಿ ಕುಡಿದು ಬಂದಿದ್ದರೂ ಗಾಡಿ ಹೊರಡುತ್ತಿತ್ತೇ ಎಂದು ಯಾರೂ ಒಮ್ಮೆಯೂ ಪರೀಕ್ಷಿಸುವುದಿಲ್ಲ. ಪರೀಕ್ಷೆ ಸುಲಭ. ಗಾಡಿ ನಿಂತ ಗಳಿಗೆಯಲ್ಲೇ, ತಣಿಯಲು ಬಿಡದೆ, ಒಂದು ಪ್ಲಗ್ ಬಿಚ್ಚಿ ಕಿಡಿ ನೋಡಿ. ಕಿಡಿ ನೀಲಿಯಾಗಿ ಹಾರುತ್ತಿದ್ದರೆ ಪೆಟ್ರೋಲಿನ ಕಡೆ ಹೋಗಿ, ಮಂಕಾಗಿದ್ದರೆ ಪಂಪಿನ ತಂಟೆಗೆ ಹೋಗಬೇಡಿ. ಹೀರುವ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಟ್ಯೂಬು ಸೇರಿಸಿದರೆ ಗುಳ್ಳೆ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ನಿಜವಾಗಿ ಏರ್ ಲಾಕ್ ಆಗಿದ್ದರೆ ಹೊಸ ಪಂಪು ಏನೂ ಮಾಡಲಾರದು ಎಂಬುದನ್ನೂ ಮರೆಯುತ್ತೇವೆ. ಪೈಪನ್ನು ಸೈಲೆನ್ಸರಿನಿಂದ ದೂರ ಹಾಯಿಸಬೇಕು, ನಡುವೆ ತಗಡು ಅಡ್ಡ ಕಟ್ಟಬೇಕು. ಎರಡು ತೀರ್ಪೂ ಒಂದನ್ನೊಂದು ಕಡಿಯುತ್ತವೆ, ಆದರೂ ಒಂದೇ ಬಿಲ್ಲಿನಲ್ಲಿ ಇರುತ್ತವೆ.

ಮಾವನ ಗಾಡಿಯ ಗುಟ್ಟು ಬಿಟ್ಟುಕೊಟ್ಟದ್ದು ಮೀಟರಲ್ಲ, ಅವರ ಲೆಕ್ಕದ ಪುಸ್ತಕ. ಕೆಂಪು ಬಟ್ಟೆ ಹೊದಿಕೆಯ ಉದ್ದ ಪುಸ್ತಕದಲ್ಲಿ ಗಾಡಿಗೆ ಹಾಕಿದ ಪೆಟ್ರೋಲು, ಹೋದ ಊರು, ನಿಂತ ಜಾಗ, ಎಲ್ಲ ಬರೆದಿದ್ದರು. ಬೇಸಿಗೆಗೂ ನಿಲ್ಲುವುದಕ್ಕೂ ತಾಳೆಯಾಗುತ್ತಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ, ಬೆಳಗಿನ ಆರೂವರೆಗೇ ನಿಂತದ್ದಿತ್ತು. ಅಂದಮೇಲೆ ಏರ್ ಲಾಕ್ ಹೋಯಿತು. ಪೆಟ್ರೋಲಿನ ಅಂಕಣದ ಮೇಲೆ ಬೆರಳಾಡಿಸಿದಾಗ ಬೇರೆಯದೇ ಕಂಡಿತು. ಟ್ಯಾಂಕು ಭರ್ತಿ ಮಾಡಿಸಿದ ದಿನ ಮೇಖ್ರಿ ಸರ್ಕಲ್ ದಾಟುತ್ತಿರಲಿಲ್ಲ. ಅರ್ಧ ಟ್ಯಾಂಕಿನ ದಿನ ದೇವನಹಳ್ಳಿ ಮುಟ್ಟಿತ್ತು. ಕಾಲು ಟ್ಯಾಂಕಿನಲ್ಲಿ ಹೊರಟ ದಿನ ನಿಂತದ್ದೇ ಇಲ್ಲ. ಗಾಡಿ ನಿಲ್ಲುತ್ತದೆ ಎಂದು ಹೆದರಿ ಹೆದರಿ ಮಾವ ಹೆಚ್ಚಿನ ಶನಿವಾರ ಟ್ಯಾಂಕು ತುಂಬಿಸುತ್ತಿದ್ದರು!

ಹೊಟ್ಟೆ ತುಂಬಿದಾಗಲೇ ಉಪವಾಸ ಬೀಳುವ ಗಾಡಿ. ಇದಕ್ಕೆ ಉತ್ತರ ಅಕ್ಕಿಪೇಟೆಯ ಯಾವ ದಿನಸಿ ವ್ಯಾಪಾರಿಗೂ ಗೊತ್ತು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ನಾಲ್ಕು ಹನಿ ಬಂದು ನಿಲ್ಲುತ್ತದೆ, ಆಚೆ ಮೂಲೆಯಲ್ಲಿ ಇನ್ನೊಂದು ತೂತು ಹೊಡೆದರೆ ಧಾರೆ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಟ್ಯಾಂಕಿನ ಒಳಗೆ ಬರಬೇಕು. ಬರದಿದ್ದರೆ ಒಳಗೆ ಎಳೆತ ಹುಟ್ಟಿ ಪಂಪಿಗೆ ಎದುರು ಜಗ್ಗುತ್ತದೆ. ಟ್ಯಾಂಕು ಭರ್ತಿ ಇದ್ದಾಗ ಮೇಲೆ ಉಳಿಯುವ ಗಾಳಿ ಒಂದೆರಡು ಲೀಟರ್ ಜಾಗದಷ್ಟು. ಅರ್ಧ ಲೀಟರ್ ಪೆಟ್ರೋಲು ಖರ್ಚಾದರೆ ಸಾಕು, ಒತ್ತಡ ಗಣನೀಯವಾಗಿ ಇಳಿಯುತ್ತದೆ. ಅರ್ಧ ಟ್ಯಾಂಕಿದ್ದರೆ ಗಾಳಿಯ ದಾಸ್ತಾನು ಹೆಚ್ಚು, ದೂರ ಬರುತ್ತದೆ. ಆ ಗಾಳಿ ಬರುವ ದಾರಿ ಇರುವುದು ಟ್ಯಾಂಕಿನ ಮುಚ್ಚಳದಲ್ಲಿ. ಟಿಡಿಯ ಬೆನ್ನಿಗೆ ಹಲಗೆಯಂತೆ ನಿಂತ ಟ್ಯಾಂಕಿನ ಮೇಲಿನ ಆ ಮುಚ್ಚಳಕ್ಕೆ, ಬಂಪರಿನ ಜೊತೆಯಲ್ಲೇ, ಆರು ವರ್ಷದ ಹಿಂದೆ ಕ್ರೋಮ್ ಪಾಲಿಶ್ ಮಾಡಿಸಿದ್ದರು. ಭೂತಗನ್ನಡಿ ಹಿಡಿದು ನೋಡಿದೆ. ಒಳಬದಿಯ ತೂತಿನಲ್ಲಿ ಪಾಲಿಶ್ ಮಸಾಲೆ ಹಸಿರುಗಟ್ಟಿ, ಕಲ್ಲಿನ ಹಾಗೆ ಕೂತಿತ್ತು. ಅತ್ತೆಯ ಹೊಲಿಗೆ ಡಬ್ಬದಿಂದ ಸೂಜಿ ತಂದು ತಿವಿದೆ. ಸಾಸಿವೆಯಷ್ಟು ಪುಡಿ ಉದುರಿತು.

ಈಗ ಆ ಮೂರು ಪಂಪು ‘ಕೆಲಸ ಮಾಡಿದ’ ಬಗೆ ನೋಡಿ. ಗಾಡಿ ನಿಂತಾಗ ಯಾರೇ ಬರಲಿ, ಮೊದಲು ಮಾಡುವ ಕೆಲಸ ಪೆಟ್ರೋಲ್ ಇದೆಯಾ ಎಂದು ಟ್ಯಾಂಕಿನ ಮುಚ್ಚಳ ತೆಗೆಯುವುದು. ತೆಗೆದ ಕ್ಷಣವೇ ಗಾಳಿ ಒಳಗೆ ನುಗ್ಗಿ ರೋಗ ವಾಸಿಯಾಗಿದೆ. ಬೀದಿಯ ಗದ್ದಲದಲ್ಲಿ ಆ ‘ಉಸ್’ ಶಬ್ದ ಯಾರ ಕಿವಿಗೂ ಬಿದ್ದಿಲ್ಲ. ಆಮೇಲೆ ಒದ್ದೆ ಬಟ್ಟೆ ಹಾಕಿದರೆ ಬಟ್ಟೆಗೆ ಕೀರ್ತಿ, ಸ್ಪ್ಯಾನರಿನಿಂದ ಪಂಪಿಗೆ ಎರಡು ತಟ್ಟಿದರೆ ಸ್ಪ್ಯಾನರಿಗೆ ಕೀರ್ತಿ, ಪಂಪು ಬದಲಿಸಿದರೆ ಜೆ.ಸಿ. ರಸ್ತೆಗೆ ಕೀರ್ತಿ. ಪಂಪು ಬದಲಿಸುವಾಗ ವೈರಿನ ತುದಿಯನ್ನು ಎಮರಿ ಕಾಗದದಲ್ಲಿ ಉಜ್ಜಿರುತ್ತಾರೆ, ಅರ್ಥಿಂಗ್ ಬಿಗಿ ಮಾಡಿರುತ್ತಾರೆ, ಜಾಲರಿ ತೊಳೆದಿರುತ್ತಾರೆ. ಇವುಗಳಲ್ಲಿ ಯಾವುದು ಗುಣ ಮಾಡಿತು ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ, ಆದರೆ ಬಿಲ್ಲಿನಲ್ಲಿ ಬರೆಯುವುದು ಒಂದನ್ನೇ.

‘ಇದೆಲ್ಲ ತಲೆನೋವು ಯಾಕೆ, ಹೊಸಾದೊಂದು ಎಲೆಕ್ಟ್ರಿಕ್ ಪಂಪ್ ಹಾಕ್ಬಿಡಿ’ ಎನ್ನುವ ಬುದ್ಧಿವಾದಕ್ಕೂ ಎರಡು ಮಾತು. ಟಿಡಿಯ ಪಂಪು ಕೊಡುವ ಒತ್ತಡ ಬರೀ ಒಂದೂವರೆ ಪಿಎಸ್ಐ, ಹರಿವು ಗಂಟೆಗೆ 8 ಗ್ಯಾಲನ್, ಅಂದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಇಂಜೆಕ್ಷನ್ ಕಾರುಗಳ ಪಂಪು ಸಾಮಾನ್ಯವಾಗಿ ತಳ್ಳುವುದು ಮೂರು ಬಾರ್, ಅಂದರೆ ನಲವತ್ತು ಪಿಎಸ್ಐ ದಾಟುತ್ತದೆ. ಅಂಥದ್ದನ್ನು ತಂದು ಕಾರ್ಬುರೇಟರಿಗೆ ಜೋಡಿಸಿದರೆ ಸೂಜಿ ತಡೆಯಲಾರದೆ ಪೆಟ್ರೋಲು ಉಕ್ಕಿ, ಬಿಸಿ ಸೈಲೆನ್ಸರಿನ ಮೇಲೆ ಸುರಿಯುತ್ತದೆ. ಟಿಡಿಯದು ಪಾಸಿಟಿವ್ ಅರ್ಥ್ ಕೂಡ; ಟ್ರಾನ್ಸಿಸ್ಟರ್ ಇರುವ ಪಂಪನ್ನು ಇವತ್ತಿನ ಅಭ್ಯಾಸದಲ್ಲಿ ಜೋಡಿಸಿದರೆ ಅದು ಮೊದಲ ಕೀಗೇ ಸಾಯಬಹುದು. ನಮ್ಮದೇ ಬೆಂಗಳೂರಿನ ಸಿಪಾನಿ ಡಾಲ್ಫಿನ್ನಿನ ಪಾಡು ಇನ್ನೊಂದು ಥರ. ಎಂಬತ್ತರ ದಶಕದಲ್ಲಿ ರ‍್ಯಾಲಿಗಳಲ್ಲಿ ಹೆಸರು ಮಾಡಿದ, 848 ಸಿಸಿಯ ಹಗುರ ಗಾಡಿ ಅದು, ಮೈಯೆಲ್ಲ ಫೈಬರ್. ಫೈಬರಿನಲ್ಲಿ ಕರೆಂಟು ಹರಿಯದು. ಪಂಪನ್ನು ಬಾಡಿಗೆ ಬೋಲ್ಟ್ ಮಾಡಿ, ಛಾಸಿಗೆ ಬೇರೆ ಅರ್ಥ್ ವೈರು ಎಳೆಯದೆ ಬಿಟ್ಟರೆ ಹೊಸ ಪಂಪೂ ‘ಕೆಟ್ಟದ್ದೇ’.

ನಾನು ಪಂಪು ಎಂದೂ ಕೆಡುವುದಿಲ್ಲ ಎನ್ನುತ್ತಿಲ್ಲ. ಡಯಾಫ್ರಮ್ ಗಟ್ಟಿಯಾಗಿ ಬಿರಿಯುತ್ತದೆ, ಪಾಯಿಂಟು ಸವೆಯುತ್ತದೆ. ಆದರೆ ಅದನ್ನು ಹೇಳುವ ಮೊದಲು ಅದಕ್ಕೊಂದು ವಿಚಾರಣೆ ಆಗಬೇಕು. ಕಾರ್ಬುರೇಟರಿನ ಕಡೆ ಪೈಪು ಬಿಚ್ಚಿ ಬಾಟಲಿಗೆ ಬಿಟ್ಟು, ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. ಅರ್ಧ ಲೀಟರಿನ ನೀರಿನ ಬಾಟಲಿ ತುಂಬಿದರೆ ಪಂಪು ಬಿಡುಗಡೆ. ತುಂಬದಿದ್ದರೆ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೊಮ್ಮೆ. ಆಗಲೂ ತುಂಬದಿದ್ದರೆ ಪಂಪು ಓಡುತ್ತಿರುವಾಗಲೇ ಅದರ ಟರ್ಮಿನಲ್ಲಿನಲ್ಲಿ ವೋಲ್ಟೇಜ್ ನೋಡಿ. ಪಂಪು ಬಿಚ್ಚಿಟ್ಟು ವೈರಿನ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಕಿಲುಬು ಹಿಡಿದ ವೈರು ಕೂಡ ಸಣ್ಣ ಬಲ್ಬನ್ನು ಹೊತ್ತಿಸಿ ನಿಮ್ಮನ್ನು ಏಮಾರಿಸುತ್ತದೆ. ಆಮೇಲೆ ಹೀರುವ ಪೈಪನ್ನು ಟ್ಯಾಂಕಿನಿಂದ ಬಿಡಿಸಿ, ಬೇರೆ ಡಬ್ಬದ ಪೆಟ್ರೋಲಿನಲ್ಲಿ ಅದ್ದಿ ನೋಡಿ. ಇಷ್ಟಕ್ಕೂ ಮಣಿಯದಿದ್ದರೆ ಮಾತ್ರ ಶಿಕ್ಷೆ. ಬೆಂಕಿಪೆಟ್ಟಿಗೆ, ಬೀಡಿ ದೂರ ಇರಲಿ ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಅಕ್ಕಿಪೇಟೆಯ ಗಲ್ಲಿಗಳಿಗೆ ಅಗ್ನಿಶಾಮಕದ ಗಾಡಿ ನುಗ್ಗಿಸುವುದು ಸುಲಭವಲ್ಲ.

ಸೂಜಿ ತಿವಿದ ಮೇಲೆ ಮಾವ ಟ್ಯಾಂಕು ಭರ್ತಿ ಮಾಡಿಸಿ ಎರಡು ಸಲ ದೇವನಹಳ್ಳಿಗೆ ಹೋಗಿ ಬಂದರು. ಫೋನು ಬರಲಿಲ್ಲ. ಭಾಯ್‌ಗೆ ವಿಷಯ ಹೇಳಿದಾಗ ನಕ್ಕರು, ಒಪ್ಪಿಕೊಳ್ಳಲಿಲ್ಲ. ‘ಇರ್ಬೋದು ಸಾರ್. ಆದ್ರೆ ಪಂಪೂ ಸ್ವಲ್ಪ ವೀಕ್ ಇತ್ತು.’ ಆಮೇಲೆ ಬಿಸ್ಕತ್ ಡಬ್ಬದ ಕಡೆ ಕಣ್ಣು ಹಾಯಿಸಿ, ಓಡುವ ಎರಡರಲ್ಲಿ ಒಂದನ್ನು ಕೊಡ್ತೀರಾ ಎಂದು ಕೇಳಿದರು. ಬಸವನಗುಡಿಯಲ್ಲಿ ಇನ್ನೊಂದು ಹಳೇ ಎಂ.ಜಿ. ನಿಂತುಬಿಟ್ಟಿದೆಯಂತೆ, ಪಂಪ್ ಹೋಗಿದೆಯಂತೆ.

‘ಟ್ಯಾಂಕ್ ಮುಚ್ಚಳ ನೋಡಿದ್ರಾ ಭಾಯ್?’ ಎಂದೆ.

‘ಅದನ್ನೇ ಸಾರ್ ಮೊದ್ಲು ತೆಗೆದು ನೋಡಿದ್ದು. ಪೆಟ್ರೋಲ್ ಫುಲ್ ಇದೆ.’